ಅತ್ತೆಯವರ ಅರ್ಧ ಲೋಟ

ಮಾಂಟ್ ಕಿಯಾರಾ, ಕೌಲಾಲಂಪುರ
ಗುರುವಾರ, ೩೧ ಅಕ್ಟೋಬರ್ ೨೦೨೪, ನರಕ ಚತುರ್ದಶಿ

ಪ್ರೀತಿಯ ಮಾವ,

ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದಿದ್ದೇನೆ. ದಯವಿಟ್ಟು ಮೊದಲು ಆಶೀರ್ವಾದ ಮಾಡಿ, ಆಮೇಲೆ ಮುಂದೆ ಓದಿ. ಪೂರ್ತಿ ಓದಿದ ಮೇಲೆ ಮಾಡುತ್ತೀರೆಂಬ ಧೈರ್ಯ ನನಗಿಲ್ಲ. ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ ಮೇಲೂ ತಾರಸಿಗೆ ಹೋಗಿ ತುಳಸಿಗೆ ನೀರು ಹಾಕುತ್ತೀರಂತೆ. ಮಹಡಿ ಮೇಲೆ ಸುಮತಿ ಅಕ್ಕನ ಸಂಸಾರವೇ ಇದೆ, ಅವರು ಹಾಕುತ್ತಾರೆ ಬಿಡಿ. ಬಿಪಿ ಮಾತ್ರೆ ತಿಂಡಿಗೆ ಮೊದಲೋ ಆಮೇಲೋ ಎಂದು ಅಕ್ಕನಿಗೂ ನಿಮಗೂ ಜಗಳವಂತೆ, ಯಾರು ಗೆದ್ದಿರಿ? ಈ ಕಾಗದ ಓದುವ ಮೊದಲು ಮಾತ್ರೆ ತೆಗೆದುಕೊಂಡಿರಬೇಕು. ಇದು ಸೊಸೆಯ ಆಜ್ಞೆ.

ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಬರೆದೆ. ಬೆಳಿಗ್ಗೆ ನೀವು ಕಳಿಸಿದ ಹರಳೆಣ್ಣೆ, ಸೀಗೆಪುಡಿಯಲ್ಲಿ ಎಣ್ಣೆನೀರು ಆಯಿತು. ಮೊದಲ ದೀಪಾವಳಿಗೆ ಮಗಳು ಅಳಿಯ ಬರಲಿಲ್ಲವೆಂದು ನಮ್ಮಮ್ಮ ಫೋನಿನಲ್ಲಿ ಅತ್ತರು. ನಾನೂ ಸ್ವಲ್ಪ ಅತ್ತೆ, ಆಮೇಲೆ ಹೊಸ ಸೀರೆ ಉಟ್ಟು ಕನ್ನಡಿಯಲ್ಲಿ ನೋಡಿಕೊಂಡ ಮೇಲೆ ಅಳು ನಿಂತಿತು. ಎಷ್ಟು ಚೆನ್ನಾಗಿದೆ ಗೊತ್ತಾ ಮಾವ ಆ ಸೀರೆ! ಕಟ್ಟಡದ ಲಾಬಿಯಲ್ಲಿ ಬಣ್ಣದ ಅಕ್ಕಿಯಲ್ಲಿ ಇಷ್ಟಗಲ ನವಿಲು ಬಿಡಿಸಿದ್ದಾರೆ. ಚೀನೀ ಮಕ್ಕಳು, ಮಲಯ್ ಅಜ್ಜಿಯರು ಎಲ್ಲರೂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ನಾನೂ ತೆಗೆಸಿಕೊಂಡೆ, ಒಬ್ಬಳೇ. ಚೇತನ ಬರಲಿಲ್ಲ. (ನಿಮ್ಮ ಮಗನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬಹುವಚನ ಹಾಕಿದರೆ ಆಫೀಸಿನ ಮ್ಯಾನೇಜರ್ ಬಗ್ಗೆ ಬರೆದಂತಾಗುತ್ತದೆ.) ಅವನು ಮೊನ್ನೆ ಸಂಜೆಯಿಂದ ನನ್ನೊಡನೆ ‘ಹೂಂ’, ‘ಉಹೂಂ’ ಬಿಟ್ಟು ಮಾತಾಡುತ್ತಿಲ್ಲ. ಅದೇ ವಿಷಯಕ್ಕೆ ಈ ಕಾಗದ. ಫೋನಿನಲ್ಲಿ ಹೇಳಿದರೆ ಅವನ ಕಿವಿಗೆ ಬೀಳುತ್ತದೆ, ವಾಟ್ಸಾಪಿನಲ್ಲಿ ಹಾಕಿದರೆ ಅಕ್ಕನ ಮಕ್ಕಳು ಜೋರಾಗಿ ಓದಿಬಿಡುತ್ತಾರೆ. ಅವನ ಸೈಬರ್‌ಜಯಾ ಆಫೀಸಿನ ಕಿರಣ ಇವತ್ತು ಸಂಜೆಯ ವಿಮಾನದಲ್ಲಿ ಊರಿಗೆ ಹೊರಟಿದ್ದಾನೆ, ಮನೆ ನಿಮ್ಮ ಕುವೆಂಪುನಗರದಲ್ಲೇ. ನಾಳೆ ಬೆಳಿಗ್ಗೆ ಇದನ್ನು ನಿಮ್ಮ ಕೈಗೇ ಕೊಡುತ್ತಾನೆ.

ಎದುರು ಮನೆಯ ಯೊಲಾಂಡಾ ಆಂಟಿ ನಿಮಗೆ ನೆನಪಿರಬೇಕು. ನೀವೂ ಅತ್ತೆಯವರೂ ಇಲ್ಲಿಗೆ ಬಂದು ಮೂರು ತಿಂಗಳು ಇದ್ದಾಗಲೂ ಅವರು ಅದೇ ಮನೆಯಲ್ಲಿದ್ದರು. ಮೆಕ್ಸಿಕೋ ದೇಶದವರು, ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತಾರೆ, ನಕ್ಕರೆ ಲಿಫ್ಟಿನವರೆಗೂ ಕೇಳಿಸುತ್ತದೆ. ನಾನು ಮದುವೆಯಾಗಿ ಬಂದಾಗ ಅವರು ಊರಿಗೆ ಹೋಗಿದ್ದರು, ಹೋದ ತಿಂಗಳಷ್ಟೇ ವಾಪಸಾದರು. ಮೊದಲ ದಿನ ಕಾಫಿ ಕೊಟ್ಟಾಗ ಕೈ ಅಡ್ಡ ಹಿಡಿದು, ‘ಸಾಕು, ಸಾಕು, ಸ್ವಲ್ಪ!’ ಎಂದರು. ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಎಲ್ಲಿ ಕಲಿತಿರಿ ಎಂದರೆ, ‘ಮೈ ಕಾಂತಾ’ ಎಂದು ಅತ್ತೆಯವರ ಹೆಸರು ಹೇಳಿ ಎದೆ ಮುಟ್ಟಿಕೊಂಡರು. ಚೇತನನನ್ನು ಕೇಳಿದರೆ, ‘ಅಮ್ಮ ಒಂದೆರಡು ಸಲ ಸಾರು ಕೊಟ್ಟಿದ್ರು ಅನ್ಸತ್ತೆ’ ಎಂದು ಲ್ಯಾಪ್‌ಟಾಪಿನೊಳಗೆ ಮುಳುಗಿದ.

ಅವರ ದೇಶದಲ್ಲಿ ನವೆಂಬರ್ ಮೊದಲ ಎರಡು ದಿನ ಸತ್ತವರು ಮನೆಗೆ ಊಟಕ್ಕೆ ಬರುತ್ತಾರಂತೆ. ಅವರಿಗೆ ದಾರಿ ಗೊತ್ತಾಗಲೆಂದು ಚೆಂಡುಹೂವಿನ ಘಮ, ದೂರದಿಂದ ಬಂದ ದಣಿವಿಗೆ ನೀರು, ಉಪ್ಪು, ಆಮೇಲೆ ಅವರವರಿಗೆ ಇಷ್ಟವಾದ ತಿಂಡಿ, ಇಷ್ಟವಾದ ಪಾನೀಯ. ಹೋದ ಶನಿವಾರ ಆಂಟಿಯೂ ನಾನೂ ತಮಿಳರ ಪೇಟೆ ಬ್ರಿಕ್‌ಫೀಲ್ಡ್ಸಿಗೆ ಹೋಗಿ ಬುಟ್ಟಿಗಟ್ಟಲೆ ಚೆಂಡುಹೂ ತಂದೆವು. ಹೂವಿನ ತಮಿಳಮ್ಮ, ‘ಯಾವ ಸಾಮಿಗಮ್ಮಾ ಇಷ್ಟೊಂದು?’ ಎಂದು ಕೇಳಿದರೆ ಆಂಟಿ ಇಂಗ್ಲಿಷಿನಲ್ಲಿ, ‘ನಮ್ಮ ತಾತನಿಗೆ, ಭಾರೀ ಪುಂಡ’ ಎಂದರು. ಆಯಮ್ಮ ನಕ್ಕು ಒಂದು ಮೊಳ ಸುಮ್ಮನೆ ಕೊಟ್ಟರು. ಸಾಂಬ್ರಾಣಿಯೂ ಅಲ್ಲೇ ಸಿಕ್ಕಿತು. ಮೂಳೆಯ ಆಕಾರದ ಹಿಟ್ಟು ಅಂಟಿಸಿದ ಸಿಹಿ ಬ್ರೆಡ್ ಮನೆಯಲ್ಲೇ ಮಾಡುತ್ತಾರೆ. ನಾನು ಹಿಟ್ಟಿನ ಮೂಳೆ ಹೊಸೆದೆ, ಎಲ್ಲ ಕೋಡುಬಳೆಯಂತಾದವು.

ನನಗೆ ಇದೆಲ್ಲ ಎಷ್ಟು ಸಲೀಸಾಗಿ ಹಿಡಿಸಿತೆಂದರೆ, ನಮ್ಮ ನಾಗಮಂಗಲದ ಅಜ್ಜಿ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ತಾತನ ಎಡೆ ಹೀಗೇ ಇರುತ್ತದೆ: ಮುದ್ದೆ, ನಾಟಿ ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಈ ವಿಷಯವನ್ನು ನಿಮ್ಮ ಮನೆಯಲ್ಲಿ ನಾನು ಯಾವತ್ತೂ ಬಾಯಿ ಬಿಟ್ಟಿಲ್ಲ. ಬೇರೆ ಜಾತಿಯ ಹುಡುಗಿಯನ್ನು ಒಪ್ಪಿಕೊಂಡ ದಿನ ನೀವು ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಒಂದು ಮಾತು ಹೇಳಿದ್ದಿರಿ: ‘ನಿನ್ನ ಊಟ ನಿನ್ನದು ಮಗು, ನಾನು ಕೇಳಲ್ಲ. ಕುಡಿತ ಮಾತ್ರ ನಮ್ಮನೆ ಹೊಸಲು ದಾಟಬಾರದು.’ ನಾನು ತಲೆಯಾಡಿಸಿದ್ದೆ. ಆ ಮಾತು ಈಗ ಬರೆಯುವಾಗ ಕೈ ಹಿಡಿದು ನಿಲ್ಲಿಸುತ್ತಿದೆ. ತಡೆಯಿರಿ, ಕುಕ್ಕರ್ ಕೂಗಿತು.

ಬಂದೆ. ಬರುವಾಗ ಬಾಗಿಲಿನ ಕಿಂಡಿಯಿಂದ ಎದುರು ಮನೆಯನ್ನೂ ನೋಡಿ ಬಂದೆ, ಇವತ್ತು ಅದೆಷ್ಟನೇ ಸಲವೋ. ಚೇತನ ಸೋಫಾದಲ್ಲಿ ಮಲಗಿದ್ದಾನೆ, ನಿದ್ದೆಯಿಲ್ಲ, ಬೆರಳು ಕುಣಿಯುತ್ತಿದೆ.

ಮಂಗಳವಾರ ಸಂಜೆ ಆಂಟಿ ನಮ್ಮಿಬ್ಬರನ್ನೂ ಕರೆದರು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮೇಜುಗಳು, ಥೇಟ್ ನಮ್ಮ ಗೊಂಬೆ ಕೂರಿಸಿದ ಹಾಗೆ. ಕತ್ತರಿಸಿದ ಬಣ್ಣದ ಕಾಗದ, ಸಕ್ಕರೆಯ ತಲೆಬುರುಡೆಗಳು, ಅವರ ತಾತನಿಗೆ ಸಿಗರೇಟು, ಅಜ್ಜಿಗೆ ಚಾಕೊಲೇಟ್ ಕಾಸಿದ್ದು. ಆಮೇಲೆ ಎರಡನೇ ಮೆಟ್ಟಿಲಲ್ಲಿ ಒಬ್ಬ ಹೆಂಗಸಿನ ಫೋಟೋ. ಬಾಯಿ ತುಂಬ ನಗು, ಕಣ್ಣೇ ಕಾಣದಷ್ಟು, ಸೆರಗು ಜಾರಿ ಹೆಗಲ ಮೇಲೆ ಮುದ್ದೆಯಾಗಿದೆ. ಯಾರೋ ಮೆಕ್ಸಿಕೋದ ಅತ್ತೆ ನಮ್ಮ ಸೀರೆ ಉಟ್ಟಿದ್ದಾರೆ ಎಂದುಕೊಂಡೆ. ಮೂಗುತಿ ನೋಡಿದ ಮೇಲೆ ಗೊತ್ತಾಯಿತು, ನಮ್ಮ ಅತ್ತೆಯವರೇ. ನಿಮ್ಮ ಹಾಲಿನಲ್ಲಿ ಹಾರ ಹಾಕಿರುವ ಫೋಟೋದಲ್ಲಿ ಅತ್ತೆ ಯಾರನ್ನೋ ಬೈಯುವುದಕ್ಕೆ ಕಾಯುತ್ತಿರುವಂತೆ ಕಾಣುತ್ತಾರೆ, ನಿಜ ಹೇಳಿ! ನಾನು ಅವರನ್ನು ಕಂಡವಳಲ್ಲ, ಆ ಫೋಟೋಕ್ಕೆ ಹೆದರಿಯೇ ಮನೆ ತುಂಬಿದವಳು. ಇಲ್ಲಿ ನೋಡಿದರೆ ಓಡಿಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಫೋಟೋದ ಮುಂದೆ ಒಂದು ತಟ್ಟೆ ಚಿತ್ರಾನ್ನ, ಆಂಟಿ ಕೈಯದೇ, ಸ್ವಲ್ಪ ಮೆತ್ತಗಾಗಿತ್ತು. ಪಕ್ಕದಲ್ಲಿ ಒಂದು ಗಾಜಿನ ಲೋಟ, ಅಂಚಿಗೆ ಉಪ್ಪು, ಅಚ್ಚಖಾರದ ಪುಡಿ, ಒಳಗೆ ನಿಂಬೆರಸ ಹಿಂಡಿದ ಬಿಯರ್, ಸರಿಯಾಗಿ ಅರ್ಧ.

ಹೂಂ ಮಾವ. ಬಿಯರ್. ಬರೆದುಬಿಟ್ಟೆ.

ಆಂಟಿ ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. ಅವರು ಕಲ್ಲಿನಲ್ಲಿ ಮೆಣಸಿನಕಾಯಿ ಅರೆಯುತ್ತಿದ್ದಾಗ ಸದ್ದು ಕೇಳಿ ಅತ್ತೆ ಬಂದು ಬಾಗಿಲು ತಟ್ಟಿದರಂತೆ. ಒಳಗೆ ಬಂದು, ಅವರ ಕೈಯಿಂದ ಗುಂಡುಕಲ್ಲು ಕಿತ್ತುಕೊಂಡು, ಹೀಗಲ್ಲ ಹೀಗೆ ಎಂದು ತೋರಿಸಿ, ಅರ್ಧ ಗಂಟೆ ಅರೆದರಂತೆ. ಅವರು ಕನ್ನಡ, ಇವರು ಸ್ಪ್ಯಾನಿಷ್. ಯೊಲಾಂಡಾ ಎನ್ನಲು ಬಾರದೆ ಅತ್ತೆ ‘ಯಲ್ಲಮ್ಮ’ ಎಂದೇ ಕರೆಯುತ್ತಿದ್ದರಂತೆ. ಒಂದು ಸೆಕೆಯ ಮಧ್ಯಾಹ್ನ ಆಂಟಿ ಈ ಮಿಚೆಲಾಡಾ ಎಂಬುದನ್ನು ಮಾಡಿಕೊಂಡು ಕುಡಿಯುತ್ತಿದ್ದರೆ, ಅತ್ತೆ ಲೋಟದ ಅಂಚಿನ ಉಪ್ಪುಖಾರವನ್ನು ಬೆರಳಲ್ಲಿ ಮುಟ್ಟಿ ನೆಕ್ಕಿದರು, ಆಮೇಲೆ ಒಂದು ಗುಟುಕು. ಆಂಟಿ ಗಾಬರಿಯಾಗಿ ಬಾಟಲಿ ತೋರಿಸಿದರೆ ಕೈ ಬೀಸಿ ‘ಗೊತ್ತು, ಗೊತ್ತು’ ಎಂದರಂತೆ. ಅಲ್ಲಿಂದ ಮುಂದೆ ಆಗಾಗ, ಅರ್ಧ ಲೋಟ. ಅದಕ್ಕಿಂತ ಒಂದು ಹನಿ ಹೆಚ್ಚು ಹಾಕಿದರೂ ‘ಸಾಕು’. ಉಪ್ಪು, ಖಾರ, ಹುಳಿ, ಸೆಕೆಗೆ ತಣ್ಣಗೆ. ಮಾವಿನಕಾಯಿ ಹೋಳು ತಿನ್ನುವವರಿಗೆ ಇದು ಯಾಕೆ ಹಿಡಿಸುವುದಿಲ್ಲ ಹೇಳಿ?

ಚೇತನನಿಗೆ ಹಿಡಿಸಲಿಲ್ಲ. ‘ಇದನ್ನ ತೆಗೀರಿ, ನಮ್ಮಮ್ಮ ಇಂಥದ್ದು ಮುಟ್ಟಿದವರಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವರು ಉತ್ತರ ಕೊಡುವ ಮೊದಲೇ ಲೋಟ ಎತ್ತಿ ಸಿಂಕಿಗೆ ಚೆಲ್ಲಿಬಿಟ್ಟ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಂಟಿ ರೇಗಲಿಲ್ಲ. ಲೋಟ ತೊಳೆದು, ಅಂಚಿಗೆ ಮತ್ತೆ ನಿಂಬೆ ಸವರಿ, ಉಪ್ಪುಖಾರದಲ್ಲಿ ಹೊರಳಿಸಿ, ಅರ್ಧ ತುಂಬಿಸಿ ಅಲ್ಲೇ ಇಟ್ಟರು. ‘ಇದು ನಿನಗಲ್ಲ ಚೇತನ್, ಅವಳಿಗೆ’ ಎಂದರು, ಅಷ್ಟೇ. ಅವನು ಹೊರಟು ಬಂದ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವನು ಹೇಳಿದ್ದು ಬಿಯರ್ ವಿಷಯವಲ್ಲ ಮಾವ. ‘ಮೂರು ತಿಂಗಳು ನನ್ನ ಮನೇಲಿದ್ರು ಇಂಚರ. ದಿನಾ ಸಂಜೆ ಬಂದಾಗ ಇದೇ ಸೋಫಾದಲ್ಲಿ ಕೂತಿರ್ತಿದ್ರು. ಒಂದಿನಾನೂ ಹೀಗೆ ನಗ್ಲಿಲ್ಲ. ಯಾಕಮ್ಮ ಬೋರಾ ಅಂದ್ರೆ ಇಲ್ಲಪ್ಪ ಅನ್ನೋರು.’ ಆಮೇಲೆ, ‘ಅಪ್ಪಂಗೆ ಇದು ಗೊತ್ತಾಗ್ಲೇಬಾರ್ದು. ಅಮ್ಮನ ಮೇಲೆ ಅವರಿಗಿರೋದೆಲ್ಲ ಒಡೆದುಹೋಗತ್ತೆ. ಇಲ್ದಿದ್ರೆ ನೀನೇ ಹೋಗಿ ಇಡಿಸಿದ್ದು ಅಂದ್ಕೋತಾರೆ’ ಎಂದ. ಕೊನೆಯ ಮಾತು ನನಗೆ ಚುಚ್ಚಿತು, ಏಕೆಂದರೆ ಅದು ಆಗುವ ಮಾತೇ. ನಾಗಮಂಗಲದ ಹುಡುಗಿ ಬಂದಳು, ಆರು ತಿಂಗಳಾಗುವ ಮೊದಲೇ ಅತ್ತೆಯ ಫೋಟೋ ಮುಂದೆ ಬಿಯರ್ ಬಂತು. ಯಾರಾದರೂ ಹಾಗೇ ಲೆಕ್ಕ ಹಾಕುತ್ತಾರೆ.

ಆದರೂ ಬರೆಯುತ್ತಿದ್ದೇನೆ. ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಹೋಳಿಗೆ ತಟ್ಟಲು ಹೋಗಿ ಹೂರಣ ತಳ ಹಿಡಿಸಿದೆ, ದೀಪದ ಬತ್ತಿ ಹೊಸೆದು ಹೊಸೆದು ಒಂದು ಡಬ್ಬಿಯಾಗಿದೆ. ಈ ಮನೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಒಳ್ಳೆಯ ಸೊಸೆಯಾಗಿರಬಹುದು, ಇಲ್ಲ ನಿಮಗೆ ನಿಜ ಹೇಳಿ ಏನಾಗುತ್ತೇನೋ ಆಗಬಹುದು. ಅತ್ತೆ ಅಷ್ಟು ನಕ್ಕಿದ್ದರೆಂದು ಅವರ ಜೊತೆ ಬಾಳಿದ ನಿಮಗೆ ಗೊತ್ತಿಲ್ಲದೇ ಹೋಗುವುದು ನನಗೆ ಬಿಯರಿಗಿಂತ ದೊಡ್ಡ ತಪ್ಪು ಅನ್ನಿಸಿತು. ಆ ಫೋಟೋದ ಒಂದು ಪ್ರತಿ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ. ಆಂಟಿ ಶನಿವಾರ ಸಂಜೆ ದೀಪ ಆರಿದ ಮೇಲೆ ಎಲ್ಲವನ್ನೂ ತೆಗೆಯುತ್ತಾರೆ. ಅಷ್ಟರೊಳಗೆ ನೀವು ಒಂದು ಮಾತು ಹೇಳಿ. ಲೋಟ ತೆಗೆಸು ಎಂದರೆ ನಾನೇ ಅವರ ಕೈ ಹಿಡಿದು ಬೇಡಿಕೊಂಡು ತೆಗೆಸುತ್ತೇನೆ. ನನ್ನ ಮೇಲೆ ಕೋಪ ಬಂದರೆ ನನಗೇ ಬೈಯಿರಿ, ಚೇತನನಿಗೆ ಬೇಡ. ಅವನು ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಒಣಗುತ್ತಿದ್ದಾನೆ.

ಸುಮತಿ ಅಕ್ಕನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ಪಟಾಕಿ ಹೊಡೆಯುವಾಗ ಚಪ್ಪಲಿ ಹಾಕಿಕೊಳ್ಳಲಿ. ನಿಮ್ಮ ಮಂಡಿಗೆ ಒಂದು ಮುಲಾಮು ಕಳಿಸಿದ್ದೇನೆ, ಇಲ್ಲಿ ಎಲ್ಲರೂ ಹಚ್ಚುತ್ತಾರೆ, ವಾಸನೆ ಸಹಿಸಿಕೊಳ್ಳಿ. ನಮ್ಮ ಮೊದಲ ಹಬ್ಬಕ್ಕೆ ನಿಮ್ಮ ಹರಕೆ ಇರಲಿ.

ನಿಮ್ಮ ವಾಚಾಳಿ ಸೊಸೆ,
ಇಂಚರ

ವಿ.ಸೂ.: ಲಕೋಟೆ ಅಂಟಿಸುತ್ತಿದ್ದೆ, ಯೊಲಾಂಡಾ ಆಂಟಿ ಬಾಗಿಲಿಗೆ ಬಂದರು. ಬಿಸಿ ಬ್ರೆಡ್ ಕೊಟ್ಟು, ನಾನು ನಿಮಗೆ ಬರೆದಿರುವುದನ್ನು ಕೇಳಿ ‘ಅಯ್ಯೋ’ ಎಂದರು, ಕನ್ನಡದಲ್ಲೇ. ಓಡಿಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಚೂರು ಫೋಟೋ ತಂದು ಕೈಯಲ್ಲಿಟ್ಟರು. ಬದುಕಿರುವವರ ಚಿತ್ರವನ್ನು ಆ ಮೇಜಿನ ಮೇಲೆ ಇಡಬಾರದಂತೆ, ಅದಕ್ಕೆ ಕತ್ತರಿಸಿದ್ದರಂತೆ. ಮಾವ!! ಹಣೆಯ ಮೇಲೆ ಗಂಧ, ಮೀಸೆಯ ಮೇಲೆ ನೊರೆ! ನಿಮ್ಮ ಲೋಟ ಅರ್ಧವೂ ಅಲ್ಲ, ಪೂರ್ತಿ! ಎರಡು ಚೂರು ಜೋಡಿಸಿ ನೋಡಿದೆ, ಅತ್ತೆ ಕಣ್ಣುಮುಚ್ಚಿ ನಗುತ್ತಿರುವುದು ನಿಮ್ಮನ್ನು ನೋಡಿ. ‘ನನ್ನ ಮಗನಿಗೆ ಹೇಳಬೇಡಿ’ ಎಂದು ನೀವು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ್ದಿರಂತೆ, ಮೊನ್ನೆ ಅವನು ಲೋಟ ಚೆಲ್ಲಿದಾಗಲೂ ಅವರು ಆ ಮಾತು ಉಳಿಸಿಕೊಂಡರು. ನಾನೂ ಉಳಿಸಿಕೊಳ್ಳುತ್ತೇನೆ. ನಿಮ್ಮ ಚೂರನ್ನು ಇದರಲ್ಲೇ ಇಟ್ಟಿದ್ದೇನೆ, ನನ್ನ ಬಳಿ ನಕಲಿಲ್ಲ, ಫೋನಿನಲ್ಲೂ ತೆಗೆದಿಲ್ಲ. ನನಗೆ ಫೋನ್ ಮಾಡಬೇಡಿ, ಅವನಿಗೆ ಮಾಡಿ, ನೀವೇ ಹೇಳಿ. ನಾಳೆಯೇ ಮಾಡಿ. ಕಿರಣ ಕೆಳಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದಾನೆ. ಚೇತನ ಎದ್ದು ಬಂದು, ‘ಯಾರದು, ಏನು ಕೊಟ್ರು?’ ಎಂದ. ‘ಬ್ರೆಡ್’ ಎಂದೆ. ಮದುವೆಯಾದ ಮೇಲೆ ಅವನಿಗೆ ನಾನು ಹೇಳಿದ ಮೊದಲ ಸುಳ್ಳು ಇದು, ಮಾವ. ಎರಡನೆಯದು ಹೇಳಿಸಬೇಡಿ.