ಎರಡನೆಯ ಮಾತ್ರೆ

ಆಸ್ಪತ್ರೆ, ಎರಡನೆಯ ಮಹಡಿ
ಹದಿನಾಲ್ಕನೆಯ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಇಳಿಯಿತೇ? ಅಳಿಯಂದಿರ ಬೆನ್ನುನೋವು ಹೇಗಿದೆ? ಇಲ್ಲಿ ನಿನ್ನ ಅಮ್ಮನ ಸ್ಥಿತಿಯಲ್ಲಿ ಬದಲಾವಣೆಯಿಲ್ಲ. ಬಲಗೈ ಏಳದು, ಮಾತು ಹೊರಡದು. ಡಾಕ್ಟರಮ್ಮನ ಮೇಲೆ ನೀನು ಬರೆದು, ಭಾಷೆ ತಿದ್ದಿಕೊಡಿರೆಂದು ಕಳುಹಿಸಿದ ದೂರು ನಿನ್ನೆ ಕೈಸೇರಿತು. ಭಾಷೆ ಶುದ್ಧವಾಗಿದೆ. ಸಂಗತಿ ಮಾತ್ರ ಸುಳ್ಳು, ಮತ್ತು ಆ ಸುಳ್ಳು ನಿನ್ನದಲ್ಲ.

ಅಮ್ಮನ ಕತ್ತಿನ ಎಡಭಾಗದ ರಕ್ತನಾಳ ಸಡಿಲಗೊಂಡು ಉಬ್ಬಿತ್ತೆಂಬುದು ನಿನಗೆ ಗೊತ್ತು. "ಕತ್ತು ಕೊಯ್ಯೋದು ಬೇಡ ಮೇಷ್ಟ್ರೇ, ತೊಡೆಸಂದಿಯಿಂದ ತೆಳು ನಳಿಕೆ ಬಿಟ್ಟು ಒಳಗಿನಿಂದಲೇ ಸ್ಟೆಂಟ್ ಅನ್ನೋ ಪುಟ್ಟ ಜಾಲರಿ ಕೊಳವೆ ಕೂರಿಸ್ತೀವಿ, ಉಬ್ಬಿಗೆ ರಕ್ತ ಹೋಗಲ್ಲ" ಎಂದು ಡಾಕ್ಟರಮ್ಮ ಚಿತ್ರ ಬರೆದು ವಿವರಿಸಿದ್ದಳು. ಅದಕ್ಕೆ ನಿನ್ನ ಅಮ್ಮ, "ಕತ್ತಿನ ತಪ್ಪಿಗೆ ತೊಡೆಗೆ ಚುಚ್ಚೋದಾ? ನಿಮ್ಮ ತರಗತೀಲೂ ಹೀಗೇ ಅಲ್ವೇನ್ರೀ, ಗಲಾಟೆ ಮಾಡಿದವನೊಬ್ಬ, ಏಟು ತಿಂದವನೊಬ್ಬ" ಎಂದು ನಕ್ಕಳು. ಚಿಕಿತ್ಸೆ ಯಶಸ್ವಿಯಾಯಿತು. ಮೂರನೆಯ ದಿನ ಮನೆಗೆ ನಡೆದೇ ಬಂದಳು. ಗಾಯ ತೋರಿಸಿ, "ಸೊಳ್ಳೆ ಕಚ್ಚಿದಷ್ಟೂ ಇಲ್ಲ, ಇದಕ್ಕೆ ನೀವು ಅಷ್ಟು ಬೆವರಿದ್ರಾ?" ಎಂದು ರೇಗಿಸಿದಳು.

ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಎರಡು ಮಾತ್ರೆಗಳಿದ್ದವು. ಎರಡರ ಮುಂದೆಯೂ 'ರಕ್ತ ಹೆಪ್ಪುಗಟ್ಟದಿರಲು' ಎಂದಿತ್ತು. ಒಂದೇ ಕೆಲಸಕ್ಕೆ ಎರಡೇಕೆ, ಬರೆದವರ ಅಜಾಗ್ರತೆಯೆಂದು ಭಾವಿಸಿ ಎರಡನೆಯದನ್ನು ಗೆರೆ ಎಳೆದು ಹೊಡೆದುಹಾಕಿದೆ, ಕೊಳ್ಳಲೇ ಇಲ್ಲ. ಮೂವತ್ತೆಂಟು ವರ್ಷ ಪರರ ಬರಹದಲ್ಲಿ ತಪ್ಪು ಹುಡುಕಿದ ಕೈ, ಮಗಳೇ, ಯಾರನ್ನೂ ಕೇಳಲಿಲ್ಲ. ನಿನ್ನ ಅಮ್ಮ ಕೇಳಿದಳು: "ಎರಡಿತ್ತಲ್ಲ ರೀ?" "ಕೊಟ್ಟಷ್ಟು ನುಂಗು" ಎಂದೆ. ನುಂಗಿದಳು. ಒಂಬತ್ತನೆಯ ದಿನ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಏರಿತು. ಲೋಟ ಕೈಜಾರಿತು, ನನ್ನನ್ನು ಕರೆಯಲು ಬಾಯಿ ತೆರೆದಳು, ಸ್ವರ ಬರಲಿಲ್ಲ.

ಡಾಕ್ಟರಮ್ಮ ಓಡಿಬಂದು ಮೊದಲು ಕೇಳಿದ್ದು, "ಮಾತ್ರೆ ತಪ್ಪಿಸಿಲ್ಲ ತಾನೇ, ಮೇಷ್ಟ್ರೇ?" ಎಂದು. ನಾನು, "ನನ್ನ ಮನೆಯಲ್ಲಿ ಕ್ರಮ ತಪ್ಪುವುದಿಲ್ಲ" ಎಂದೆ. ಅಂದಿನಿಂದ ಆ ಹೆಣ್ಣುಮಗಳು ಪ್ರತಿ ಮಧ್ಯಾಹ್ನ ಊಟ ಬಿಟ್ಟು, ತನ್ನ ಕೈಯಿಂದ ಎಲ್ಲಿ ತಪ್ಪಾಯಿತೆಂದು ಹಳೆಯ ಸ್ಕ್ಯಾನ್ ಚಿತ್ರಗಳನ್ನು ತಿರುವಿಹಾಕುತ್ತಿದ್ದಾಳೆ. ನಾನು ಎದುರಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೇನೆ. ಇಂದಿಗೆ ಹನ್ನೊಂದು ದಿನ. ಈ ಪತ್ರ ಅಂಚೆಗೆ ಹಾಕಿ, ನೇರ ಅವಳ ಕೋಣೆಗೆ ಹೋಗುತ್ತೇನೆ. ದೂರು ಕೊಡುವುದಾದರೆ ಕೊಡು. ಡಾಕ್ಟರಮ್ಮನ ಹೆಸರಿನ ಜಾಗದಲ್ಲಿ ನನ್ನದನ್ನು ಬರೆ.

ಅಳಿಯಂದಿರಿಗೆ ನನ್ನ ನೆನಕೆಗಳು. ನಿನ್ನನ್ನು ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ ತಿಳಿಯದು. ಆದರೂ ನೀನು ಚೆನ್ನಾಗಿರು.

ನಿನ್ನ
ಅಪ್ಪ

ಮರೆತಿದ್ದೆ: ಸಾಧ್ಯವಾದರೆ ಈ ವಾರವೇ ಹೊರಟು ಬಾ. ನರ್ಸ್ ಮಾತ್ರೆ ತಂದರೆ ನಿನ್ನ ಅಮ್ಮ ತುಟಿ ಬಿಗಿದು ಮುಖ ತಿರುಗಿಸುತ್ತಾಳೆ. ನಾನು ಹಿಡಿದರೆ ಮಾತ್ರ, ಏನೆಂದು ಸಹ ನೋಡದೆ, ಬಾಯಿ ತೆರೆಯುತ್ತಾಳೆ. ನನ್ನಿಂದ ಇನ್ನು ಆಗದು.