ಬಾಣಂತಿ ಕ್ವಾಣಿಗೆ ಜಡಿದ ಹಲಗಿ

ಅಂಬಪ್ಪಾ,

ಕೂಸಿನ್ನ ಕರಕೊಂಡು ನಾನು, ಅವ್ವ ಮುದಗಲ್ ಸಣ್ಣವ್ವನ ಮನಿಗೆ ಹೊಂಟೀವಿ.

ನನ್ನ ಕೂಸಿಗೆ ಥಂಡಿಗಾಳಿ ಬಡೀಬಾರದಂತ ಬಾಣಂತಿ ಕ್ವಾಣಿ ಗ್ವಾಡಿಗೆ ಹಲಗಿ ಜಡಿದಿ, ಖರೆ. ಆದರ ಇಡೀ ಸಿಂಧನೂರಾಗ ನಿನಗ ಬ್ಯಾರೆ ಕಟಗಿ ಸಿಗಲಿಲ್ಲೇನಲೇ? ಭತ್ತದ ಹುಳಕ್ಕ ಹೊಡಿಯೋ ಎಣ್ಣಿ ಬಾಟ್ಲಿ ತುಂಬಿದ್ದ ಪೆಟಗಿ ಒಡದು ತಂದೀಯಲ್ಲ, ಥೂ! ಆ ನಾತಕ್ಕ ಅವ್ವ ಎರಡು ಸಲ ಕಾರಿಕೊಂಡಳು. ಗ್ವಾಡಿ ಬುಡಕ ಇರುವಿ ಸಾಲಾಗಿ ಸತ್ತು ಬಿದ್ದಾವ.

ಇವತ್ತೇ ಎಲ್ಲಾ ಕಿತ್ತು ಊರ ಹೊರಗ ತಗ್ಗು ತೋಡಿ ಹೂಳು. ಒಲಿಗೆ ಮಾತ್ರ ಹಾಕಬ್ಯಾಡ. ಹಲಗಿ ಬೇಕೇ ಬೇಕಂದ್ರ ಮಸ್ಕಿಯಿಂದ ಬೇವಿನವು ತಾ, ಮೂಸಿ ನೋಡಿ ತಾ.

ಬುಟ್ಟ್ಯಾಗ ರೊಟ್ಟಿ ಅದಾವ. ಕೈ ಸಬಕಾರ ಹಚ್ಚಿ ತೊಳಕೊಂಡ ಮ್ಯಾಲೇ ಮುಟ್ಟು.

"ಈ ಹಲಗಿಗೆ ಗೆದ್ದಲ ಹತ್ತಂಗಿಲ್ಲಕ್ಕಾ" ಅಂತ ಎದಿ ಉಬ್ಬಿಸಿ ಹೇಳಿದ್ದಿ. ಗೆದ್ದಲಕ್ಕಿದ್ದಷ್ಟು ಬುದ್ಧಿನೂ ನಿನಗಿಲ್ಲ.

ಕನಕಕ್ಕ