ಹತ್ತೊಂಬತ್ತು ವರ್ಷ, ಒಂದು ಗಂಟು

ಜನವರಿ 9, ಬೆಳಿಗ್ಗೆ 10.20

ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆ. ಬಾರ್ಲಿ ಚಹಾ ಆಗಲೇ ತಣ್ಣಗಾಗಿದೆ. ಚೀಲಗಳ ಎಕ್ಸ್-ರೇ ಪರದೆಯ ಮುಂದೆ ಇಪ್ಪತ್ತು ನಿಮಿಷ, ಆಮೇಲೆ ಎದ್ದು ಬೇರೆ ಜಾಗಕ್ಕೆ — ಕಣ್ಣು ಸೋಲಬಾರದು ಎಂದು ಈ ನಿಯಮ. ನನ್ನ ಕಣ್ಣು ಸೋಲುವುದಿಲ್ಲ ಎಂದು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯಬಹುದು.

ಇಷ್ಟರಲ್ಲೇ ಸಿಕ್ಕಿದ್ದು ಮಡಚುವ ಚಾಕು ಎರಡು. ಉಣ್ಣೆ ಕಾಲುಚೀಲದೊಳಗೆ ತೂರಿಸಿದ್ದ ಗ್ಯಾಸ್ ಡಬ್ಬಿ ಒಂದು. ತಾತನೊಬ್ಬರ ಡಬ್ಬದಲ್ಲಿ ಜೀವಂತ ಆಕ್ಟೋಪಸ್... ಅದಕ್ಕೆ ಅಡ್ಡಿಯಿಲ್ಲ, ಹೋಗಲಿ. ಪರದೆಯಲ್ಲಿ ಲೋಹ ನೀಲಿ. ತಿನ್ನುವುದು, ಬಟ್ಟೆ, ಸೋಪು, ಸಿಡಿಮದ್ದು — ಎಲ್ಲ ಕಿತ್ತಳೆ. ಅನ್ನ ಯಾವುದು, ಅನಾಹುತ ಯಾವುದು ಎಂದು ಯಂತ್ರ ಹೇಳುವುದಿಲ್ಲ. ನಾನು ಹೇಳಬೇಕು. ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ. ಗುಟ್ಟಿನ ಪರೀಕ್ಷೆಯವರು ಪ್ರಯಾಣಿಕರ ವೇಷದಲ್ಲಿ, ನಕಲಿ ಸಿಡಿಮದ್ದು ಅಡಗಿಸಿಕೊಂಡು ಬರುತ್ತಾರೆ. ಒಮ್ಮೆಯೂ ನನ್ನ ಕಣ್ಣಿಗೆ ಮಣ್ಣೆರಚಲು ಆಗಿಲ್ಲ. ಜಂಬ ಎನ್ನಲಿ. ಜಂಬವೇ.

ಅದೇ ದಿನ, ಸಂಜೆ

ಊಟಕ್ಕೆ ಕುಳಿತಾಗ ಮಗಳು ಯೆರಿಮ್ ಬಾಂಬು ಹಾಕಿದಳು. ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ. ಹೈಸ್ಕೂಲ್ ಮಕ್ಕಳ ಸ್ಪರ್ಧೆ. ವಿಷಯ: ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಿಂದ ಪ್ರಯೋಜನ ಇದೆಯೇ, ಇಲ್ಲವೇ.

"ನಿನ್ನದು ಯಾವ ಪಕ್ಷ?"

"ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿಸ್ತಾರೆ ಅಮ್ಮಾ. ಮೊದಲ ಸುತ್ತಿಗೆ ನಮಗೆ ಬಂದಿರೋದು... ಪ್ರಯೋಜನ ಇಲ್ಲ ಅಂತ."

ಯೆರಿಮ್ ಅಪ್ಪ ಮೂಲಂಗಿ ಸಾರಿನ ಬಟ್ಟಲಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಅತ್ತೆಗೆ ನಗು ಬರಲಿಲ್ಲ.

"ಏನೇ ಇದು? ನಿಮ್ಮಮ್ಮ ಅಲ್ಲಿ ಕೂತಿದ್ರೆ ಸೊಳ್ಳೇನೂ ದಾಟಲ್ಲ. ಬೇರೆ ವಿಷಯ ಸಿಗಲಿಲ್ವಾ ನಿಮ್ಮ ಮೇಷ್ಟ್ರಿಗೆ?"

"ಎಲ್ಲಾ ನಾಟಕ ಅಂತಾರೆ ಅಜ್ಜಿ. ಬೂಟು ಬಿಚ್ಚಿಸೋದು, ಬೆಲ್ಟ್ ಬಿಚ್ಚಿಸೋದು, ಜನಕ್ಕೆ ಧೈರ್ಯ ಬರಲಿ ಅಂತ. ನಿಜವಾಗಿ ತರೋನು ತಂದೇ ತರ್ತಾನೆ." ನನ್ನ ಕಡೆ ತಿರುಗಿದಳು. "ಅಮ್ಮಾ, ನೀನು ಯಾವತ್ತಾದ್ರೂ ಒಂದು ಬಿಟ್ಟಿದ್ದೀಯಾ?"

"ಒಂದೂ ಇಲ್ಲ."

"ಒಂದೂ?"

"ಹತ್ತೊಂಬತ್ತು ವರ್ಷ. ಒಂದೂ ಇಲ್ಲ. ಬರ್ಕೋ."

ಬರೆದುಕೊಂಡಳು. ಅತ್ತೆ ದೊಡ್ಡ ಮೀನಿನ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು.

ಜನವರಿ 14

ಬರೆಯುವ ಮನಸ್ಸಿಲ್ಲ. ತಲೆನೋವು.

ಜನವರಿ 26, ಮಧ್ಯಾಹ್ನ

ಹನ್ನೆರಡು ದಿನ ಈ ಪುಸ್ತಕ ತೆರೆದಿರಲಿಲ್ಲ. ಯಾರೂ ಓದದ ಪುಸ್ತಕ, ಅದಕ್ಕೂ ಮುಖ ತೋರಿಸಲು ನಾಚಿಕೆ. ಇವತ್ತು ಬರೆದುಬಿಡುತ್ತೇನೆ.

14ರ ಬೆಳಿಗ್ಗೆ. ಜೆಜು ದ್ವೀಪಕ್ಕೆ ಹೋಗುವ ವಿಮಾನದ ಸಾಲು. ಒಬ್ಬ ಮುದುಕಿ, ಕೈಯಲ್ಲಿ ಹೂವಿನ ಬಟ್ಟೆಯ ಗಂಟು. ಪರದೆಯ ಮೇಲೆ ಐದು ಕಿತ್ತಳೆ ಇಟ್ಟಿಗೆಗಳು. ಸೋಯಾ ಅಚ್ಚು! ಕಾಳು ಬೇಯಿಸಿ, ಕುಟ್ಟಿ, ಅಚ್ಚು ಮಾಡಿ, ಭತ್ತದ ಹುಲ್ಲಿನ ಹುರಿಯಲ್ಲಿ ಕಟ್ಟಿ ಚಳಿಗಾಲವೆಲ್ಲ ತೂಗುಹಾಕುವುದು; ಆಮೇಲೆ ಉಪ್ಪುನೀರಿನ ಜಾಡಿಗೆ ಇಳಿಸಿದರೆ ವರ್ಷಕ್ಕಾಗುವ ಸೋಯಾ ರಸ. ನಮ್ಮ ಮನೆಯ ಜಗಲಿಯಲ್ಲೇ ಹನ್ನೆರಡು ತೂಗುತ್ತಿವೆ, ವಾಸನೆ ಎಂದು ಯೆರಿಮ್ ದಿನವೂ ಮೂಗು ಮುಚ್ಚಿಕೊಳ್ಳುತ್ತಾಳೆ. ಇಂಥ ದಪ್ಪ ಕಿತ್ತಳೆ ಕಂಡರೆ ಬಿಚ್ಚಿಸಬೇಕು. ನಿಯಮ.

ಮುದುಕಿ ಎರಡೂ ಕೈಯಿಂದ ಗಂಟು ಹಿಡಿದುಕೊಂಡರು. "ಮಗಳಿಗೆ ಕಣಮ್ಮ. ಇನ್ನೂ ಜಾಡಿಗೆ ಹಾಕಿಲ್ಲ. ಬೇರೆಯವರ ಕೈ ಸೋಕೋದು ಬೇಡ."

ನಮ್ಮತ್ತೆಯ ಮಾತೇ. ಜಾಡಿಗೆ ಇಳಿಯುವ ಮೊದಲು ಹೊರಗಿನವರ ಕೈ ಸೋಕಿದರೆ ಆ ವರ್ಷದ ಸೋಯಾ ರಸ ಕೆಡುತ್ತದೆ, ರಸ ಕೆಟ್ಟರೆ ಮನೆಗೇ ಕೆಡುಕು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ನನ್ನ ಕೈಯೇ ಹೋಗಿ ಬನ್ನಿ ಎಂದು ಬೀಸಿತು.

ಐದರಲ್ಲಿ ನಾಲ್ಕು ಅಚ್ಚು. ಐದನೆಯದು ನಕಲಿ ಸಿಡಿಮದ್ದು.

ಮುದುಕಿ ಪರೀಕ್ಷೆಯವರು ಕರೆತಂದವರು. ನಮ್ಮ ಮೇಲಧಿಕಾರಿ ಪ್ಯೋ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ಮತ್ತೆ ಪರದೆಗೆ ತಂದು ಬೆರಳಿಟ್ಟು ತೋರಿಸಿದರು. "ನೋಡಿ. ಒಣಗಿದ ಅಚ್ಚು ನಡುವೆ ಬಿರುಕು ಬಿಡತ್ತೆ. ನಾಲ್ಕರಲ್ಲಿ ಬಿರುಕಿದೆ. ಇದರಲ್ಲಿಲ್ಲ. ನಿಮಗೆ ಗೊತ್ತಿರೋದೇ ಅಲ್ವಾ ಇದು?"

ಗೊತ್ತಿತ್ತು. ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ನೋಡಲೇ ಇಲ್ಲ.

ಹತ್ತು ದಿನ ಮರುತರಬೇತಿ. ಇಪ್ಪತ್ತೈದು ವರ್ಷದ ಹುಡುಗಿಯರ ಜೊತೆ ಬೆಂಚಿನಲ್ಲಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ದಿನವೂ ಸಮವಸ್ತ್ರ ಹಾಕಿಕೊಂಡೇ ಹೊರಟೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲರ್ ಸರಿಮಾಡಿ ಕಳಿಸಿದರು.

ಯೆರಿಮ್ ಮೊದಲ ಸುತ್ತು ಗೆದ್ದಿದ್ದಾಳೆ. ಪ್ರಯೋಜನ ಇಲ್ಲ ಎಂದು.

ಫೆಬ್ರವರಿ 3

ಸೆಮಿಫೈನಲ್ ಕೂಡ ಗೆದ್ದಳು! ಫೈನಲ್ಲಿಗೆ ನಾಣ್ಯ ಮಗುಚಿ ಬಿತ್ತು — ಈಗ ಅವರದು ಪ್ರಯೋಜನ ಇದೆ ಎನ್ನುವ ಪಕ್ಷ. ಅತ್ತೆಗೆ ಈಗ ಮೇಷ್ಟ್ರ ಮೇಲೆ ಭಾರೀ ಪ್ರೀತಿ.

ಅಕ್ಕಿ ತೊಳೆಯುತ್ತಿದ್ದೆ. ಕೋಣೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ನಡೆದಿತ್ತು. ಒಳ್ಳೆಯ ಧ್ವನಿ ನನ್ನ ಮಗಳದು, ಸಣ್ಣಗಿದ್ದರೂ ಎಲ್ಲಿಯೂ ತಡವರಿಸುವುದಿಲ್ಲ. "ಅಂಕಿ ಸಂಖ್ಯೆ ಬಿಡಿ. ನನ್ನ ತಾಯಿ ಹತ್ತೊಂಬತ್ತು ವರ್ಷ ಆ ಪರದೆಯ ಮುಂದೆ ಕುಳಿತಿದ್ದಾರೆ. ಒಂದನ್ನೂ ಬಿಟ್ಟಿಲ್ಲ."

ಅಕ್ಕಿ ಮೂರು ಸಲ ತೊಳೆದೆನೋ, ಆರು ಸಲವೋ.

ಹೇಳಬೇಕಿತ್ತು. ಹೇಳಲಿಲ್ಲ. ಶನಿವಾರ ನೂರಾರು ಜನರ ಮುಂದೆ ನಿಂತು ನನ್ನ ಮಗಳು ಸುಳ್ಳು ಹೇಳುತ್ತಾಳೆ, ಸುಳ್ಳೆಂದು ಗೊತ್ತಿಲ್ಲದೆ.

ಫೆಬ್ರವರಿ 5, ಬೆಳಿಗ್ಗೆ 11

ಮಿಸೂಕ್ ಅಕ್ಕನಿಗೆ ಹೇಳಿದೆ. ನನಗಿಂತ ಆರು ವರ್ಷ ಹಿರಿಯಳು, ಚೀಲ ಬಿಚ್ಚುವ ಮೇಜಿನಲ್ಲಿ ಅವಳ ಸಮ ಇಲ್ಲ.

"ಬಾಯಿ ಮುಚ್ಕೊಂಡಿರು ಮಾರಾಯ್ತಿ. ಯಾರು ಬಂದು ತಾಳೆ ನೋಡ್ತಾರೆ? ಮಗು ಗೆದ್ದು ಬರಲಿ."

"ಅವಳು ಬೇರೆ ಏನೂ ಹೇಳ್ತಿಲ್ಲ ಅಕ್ಕ. ನನ್ನನ್ನೇ ಸಾಕ್ಷಿ ಮಾಡ್ಕೊಂಡಿದ್ದಾಳೆ."

"ಹಾಗಾದ್ರೆ ನನ್ನ ಯಾಕೆ ಕೇಳ್ತೀಯ? ನಿನ್ನ ಮುಖದಲ್ಲೇ ಬರೆದಿದೆ, ಹೇಳ್ತೀನಿ ಅಂತ."

ಫೆಬ್ರವರಿ 6

ಹೇಳಿದೆ. ಬೆಳಗಿನ ತಿಂಡಿಯ ಹೊತ್ತಿಗೆ. ಪರೀಕ್ಷೆಯ ಒಳಗಿನ ವಿವರ ಹೊರಗೆ ಹೇಳುವಂತಿಲ್ಲ, ಆದರೆ ನಾನು ತಪ್ಪಿದ್ದು ನನ್ನ ಸ್ವಂತ ಆಸ್ತಿ. ಗಂಟು, ಮುದುಕಿಯ ಮಾತು, ಬಿರುಕಿಲ್ಲದ ಐದನೆಯ ಅಚ್ಚು, ಬೀಸಿದ ಕೈ... ಅಷ್ಟನ್ನೂ ಹೇಳಿದೆ. ಮೂಲೆಯಲ್ಲಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ನಾಳೆ ಫೈನಲ್ ಅಮ್ಮಾ! ಇವತ್ತು ಹೇಳ್ತೀಯಾ?"

"ತಪ್ಪಾಯ್ತು."

"ಮೂರು ವಾರ ನಾನು ಎಲ್ಲರ ಹತ್ರ..." ಕಣ್ಣಲ್ಲಿ ನೀರು. ತಟ್ಟೆ ಬಿಟ್ಟು ಎದ್ದು ಹೋದಳು. ಯೆರಿಮ್ ಅಪ್ಪ ನನ್ನ ಬೆನ್ನು ಸವರಿದರು. ಅತ್ತೆ ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಸುಲಿದರು.

ಫೆಬ್ರವರಿ 7, ಸಂಜೆ

ಬೆಳಗಿನ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿದೆ. ಸಭಾಂಗಣದ ಕೊನೆಯ ಸಾಲು. ಮುಂದೆ ಅತ್ತೆ, ಹಬ್ಬದ ಉಡುಪಿನಲ್ಲಿ.

ಯೆರಿಮ್ ಎದ್ದಳು. ನನ್ನನ್ನು ನೋಡಿದಳು. ನೋಡಿಯೇ ಶುರುಮಾಡಿದಳು.

"ನನ್ನ ತಾಯಿ ಹತ್ತೊಂಬತ್ತು ವರ್ಷದಲ್ಲಿ ಒಂದು ಬಿಟ್ಟಿದ್ದಾರೆ. ಕಳೆದ ತಿಂಗಳು."

ಗುಜುಗುಜು. ಎದುರು ಪಕ್ಷದ ಹುಡುಗ, ಕನ್ನಡಕದವನು, ಕುರ್ಚಿ ಬಿಟ್ಟು ಅರ್ಧ ಎದ್ದೇಬಿಟ್ಟ. ಪ್ರಶ್ನೆಯ ಸರದಿ ಬಂದಾಗ ಬಿಡಲಿಲ್ಲ.

"ಅಂದ್ರೆ ದಾಟಿತಲ್ಲ? ನಮ್ಮ ವಾದಾನೂ ಅದೇ."

"ದಾಟಿತು. ದಾಟಿದ್ದು ಗೊತ್ತಾಗಿದ್ದು ಹೇಗೆ? ತಪಾಸಣೆ ಮಾಡೋರನ್ನೂ ತಪಾಸಣೆ ಮಾಡ್ತಾರೆ, ಅದರಿಂದ. ನಾಟಕ ಆಗಿದ್ರೆ ನಮ್ಮಮ್ಮನನ್ನ ಹತ್ತು ದಿನ ಬೆಂಚಿನ ಮೇಲೆ ಯಾಕೆ ಕೂರಿಸ್ತಿದ್ರು? ತಪ್ಪೇ ಆಗಲ್ಲ ಅಂತ ನಾವು ಹೇಳ್ತಿಲ್ಲ. ತಪ್ಪಿದ್ದನ್ನ ಒಪ್ಪಿಕೊಳ್ಳೋ ವ್ಯವಸ್ಥೆ ಅಂತಿದ್ದೀವಿ. ಈಗ ಅವರು ಪ್ರತಿಯೊಂದು ಗಂಟನ್ನೂ ಬಿಚ್ಚಿಸ್ತಾರೆ."

"ಪ್ರತಿಯೊಂದು? ನಿಮ್ಮಜ್ಜಿ ಬಂದ್ರೆ? ಅವರದ್ದನ್ನೂ?"

ಸಭೆಯೆಲ್ಲ ನಕ್ಕಿತು. ಯೆರಿಮ್ ನಗಲಿಲ್ಲ.

"ಅಜ್ಜಿಯದ್ದನ್ನೂ."

ಸೋತರು. ಮೂವರು ತೀರ್ಪುಗಾರರಲ್ಲಿ ಇಬ್ಬರು ಆ ಕಡೆ. ನನ್ನ ಎದೆ ಉಬ್ಬಿದ್ದು ಇನ್ನೂ ಇಳಿದಿಲ್ಲ. ಅವಳು ಹುಟ್ಟಿದ ದಿನ ಕೂಡ ಇಷ್ಟು ಹೆಮ್ಮೆಪಟ್ಟಿರಲಿಲ್ಲ, ಆ ದಿನ ನೋವಿತ್ತು, ಇವತ್ತು ಬರೀ ಹೆಮ್ಮೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖಮಾಡಿ ಕುಳಿತಿದ್ದರು. ಇಳಿಯುವಾಗ ಒಂದೇ ಮಾತು. "ಬುಧವಾರ ನಾನು ವಿಮಾನದಲ್ಲಿ ಜೆಜುಗೆ ಹೋಗ್ಬೇಕು. ಮಗಳಿಗೆ ಅಚ್ಚು ಕೊಡೋದಿದೆ."

ನಾದಿನಿಗೆ ಪ್ರತಿ ವರ್ಷ ಅಚ್ಚು ಕೊಂಡೊಯ್ಯುತ್ತಾರೆ, ಪ್ರತಿ ವರ್ಷವೂ ಹಡಗಿನಲ್ಲಿ.

ಫೆಬ್ರವರಿ 11, ಬೆಳಿಗ್ಗೆ 10.40

ಬೇಗ ಬರೆಯಬೇಕು, ಹತ್ತೇ ನಿಮಿಷ ಇದೆ.

ಮೂರು ಸಾಲು ತೆರೆದಿದ್ದವು. ಉಳಿದ ಎರಡು ಖಾಲಿ. ಅತ್ತೆ ನೇರ ನನ್ನ ಸಾಲಿಗೇ ಬಂದರು. ಕೆಂಪು ಬಟ್ಟೆಯ ಗಂಟನ್ನು ಬೆಲ್ಟಿನ ಮೇಲೆ ಇಟ್ಟರು. ನನ್ನ ಗುರುತೇ ಇಲ್ಲದವರಂತೆ ಎದುರಿನ ಗೋಡೆ ನೋಡಿದರು.

ಪರದೆಯಲ್ಲಿ ಐದು ಕಿತ್ತಳೆ ಇಟ್ಟಿಗೆ.

ಬಿಚ್ಚಿಸಲೇಬೇಕು, ಅದು ನಿಯಮ. ಆದರೂ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. ಇಪ್ಪತ್ತು ವರ್ಷ ಒಂದೇ ಜಾಡಿಯ ರಸ ತಿಂದಿದ್ದೇನೆ. ಆಮೇಲೆ ನೋಡಿದೆ, ಈ ಸಲ ನಿಜವಾಗಿ ನೋಡಿದೆ. ಒಂದು, ಬಿರುಕು. ಎರಡು, ಬಿರುಕು. ಮೂರು. ನಾಲ್ಕು. ಐದು...

ಐದರಲ್ಲಿ ಬಿರುಕಿಲ್ಲ.

ಗುಂಡಿ ಒತ್ತಿದೆ. ಬೆಲ್ಟ್ ನಿಂತಿತು. "ಗಂಟು ಬಿಚ್ಚಬೇಕು, ಅತ್ತೆ." ಸಾಲಿನ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಬಂತು ಧ್ವನಿ.

ಮಿಸೂಕ್ ಅಕ್ಕ ಕೈಗವಸು ಹಾಕಿಕೊಂಡು ಬಂದಳು. ಅತ್ತೆ ಅವಳನ್ನು ತಡೆದರು. "ನೀನು ಬೇಡಮ್ಮ. ಕಂಡುಹಿಡಿದೋಳು ಬರಲಿ."

ನನ್ನ ಇಪ್ಪತ್ತು ನಿಮಿಷವೂ ಮುಗಿದಿತ್ತು. ಪರದೆ ಬೇರೆಯವಳಿಗೆ ಬಿಟ್ಟು ಮೇಜಿಗೆ ಬಂದೆ. ಅತ್ತೆಯೇ ಗಂಟು ಬಿಚ್ಚಿದರು. ಜಗಲಿಯ ವಾಸನೆ ಇಡೀ ಸಾಲಿಗೆ ಹರಡಿತು. ಒಂದೊಂದೇ ಎತ್ತಿ ನೋಡಿದೆ. ನಾಲ್ಕು ಅಚ್ಚು, ನಾಲ್ಕಕ್ಕೂ ಹುಲ್ಲಿನ ಹುರಿ. ಐದನೆಯದಕ್ಕೂ ಹುರಿ, ಆದರೆ ಹುರಿಯೊಳಗಿದ್ದದ್ದು ಪ್ಲಾಸ್ಟಿಕ್ ಸುತ್ತಿದ, ಬಟ್ಟೆ ಒಗೆಯುವ ಸೋಪಿನ ದೊಡ್ಡ ಗಟ್ಟಿ.

"ಇದೇನತ್ತೆ?"

"ಸೋಪು. ಸೋಪೂ ಅಚ್ಚೂ ಒಂದೇ ಬಣ್ಣ ಕಾಣತ್ತೆ ಅಂತ ನೀನೇ ಅಂದಿದ್ದೆ. ನಾನೂ ಒಂದು ಪರೀಕ್ಷೆ ಮಾಡಿದೆ. ಯಾಕೆ, ಅವರೊಬ್ಬರೇ ಮಾಡ್ಬೇಕಾ?"

"ಅಚ್ಚಿಗೆಲ್ಲ ಕೈ ಸೋಕಿತಲ್ಲ ಅತ್ತೆ... ರಸ ಕೆಟ್ಟರೆ?"

"ಹೊರಗಿನೋರ ಕೈ ಸೋಕಿದ್ರೆ ಕೆಡತ್ತೆ ಕಣೇ. ನೀನು ಯಾವಾಗ ಹೊರಗಿನೋಳಾದೆ?"

ಕಣ್ಣು ಮಂಜಾಯಿತು. ಕರ್ತವ್ಯದ ಮೇಲೆ ಅಳಬಾರದು, ನಿಯಮ. ಅತ್ತೆ ಸೋಪನ್ನು ತಲೆಯ ಮೇಲೆ ಎತ್ತಿ ಹಿಡಿದು ಸಾಲಿನ ಕಡೆ ತಿರುಗಿದರು. "ನೋಡಿದ್ರಾ? ಹಿಡಿದುಬಿಟ್ಟಳು! ನಮ್ಮ ಸೊಸೆ! ನೀವೆಲ್ಲ ನಿಶ್ಚಿಂತೆಯಾಗಿ ವಿಮಾನ ಹತ್ತಿ." ಯಾರೋ ಚಪ್ಪಾಳೆ ಹೊಡೆದರು. ಪ್ಯೋ ಕೂಡ ಇಣುಕಿ ನೋಡಿ, ಗಂಭೀರವಾಗಿ ತಲೆ ಬಾಗಿಸಿ ಹೋದರು.

ಅಚ್ಚನ್ನು ಮತ್ತೆ ಕಟ್ಟಿಕೊಟ್ಟೆ. ನನ್ನ ಕೈಯ ಗಂಟು. ಸೋಪು ನನ್ನ ಲಾಕರಿನಲ್ಲಿದೆ, ಒಗೆಯಲು ಬಳಸುವುದಿಲ್ಲ.

ಗಂಟೆ ಆಯಿತು, ಮಿಸೂಕ್ ಅಕ್ಕ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಸಂಜೆ ಮೊದಲು ಯೆರಿಮ್‌ಗೆ ಹೇಳಬೇಕು — ನೀನು ಅಲ್ಲಿ ನಿಂತು ಹೇಳಿದ ಮಾತು ಸುಳ್ಳಾಗಲಿಲ್ಲ ಮಗಳೇ, ಅಜ್ಜಿಯದ್ದನ್ನೂ